ತೇಜಸ್ವಿನಿಯ ಪ್ರಾಕ್ಟಿಕಲ್

ಹುಳಿಮಾವು ಕೆರೆ ಕಡೆ ಇಳಿಯೋ ದಾರಿಯಲ್ಲಿ ಒಂದು ಆಲದಮರ ಇದೆ. ಎಂಟು ಆನೆ ಕಟ್ಟಿ ಎಳೆಸಿದರೂ ಅಲುಗದ ಮರ. ಅಮಾವಾಸ್ಯೆ ರಾತ್ರಿ ಅದರ ಕೆಳಗೆ ಚಾಪೆ ಹಾಸಿ ಗೊರಕೆ ಹೊಡೆದು ಎದ್ದುಬಂದ ಗಂಡಸು ಈ ಊರಿಗೆಲ್ಲ ಒಬ್ಬನೇ, ಅವನ ಹೆಸರು ಈಗ ಬೇಡ. ಈ ಕತೆ ಹಿಂದಿನ ಬೀದಿ ತಿಮ್ಮಕ್ಕನ ಮೊಮ್ಮಗಳು ಸಂಘಮಿತ್ರಾದು.

ಮಿತ್ರಾ ಜಯನಗರದ ಒಂದು ಆಸ್ಪತ್ರೆಯಲ್ಲಿ ನರ್ಸು. ಹೋದ ಶ್ರಾವಣದಲ್ಲಿ ಒಂದು ರಾತ್ರಿ ಡ್ಯೂಟಿ ಮುಗಿಸಿ ಬಸ್ಸಿಳಿದಾಗ ಹನ್ನೊಂದರ ಹತ್ತಿರ. ಬೀದಿದೀಪ ಒಂದೂ ಇಲ್ಲ. ಮರದ ಹತ್ತಿರ ಬಂದಳು... ಹಿಂದೆ ಸದ್ದು.

ಕಿಚ್... ಕಿಚ್... ಒದ್ದೆ ಕ್ಯಾನ್ವಾಸ್ ಶೂನಲ್ಲಿ ವಾರ್ಡಿನ ನುಣುಪು ನೆಲದ ಮೇಲೆ ನಡೆದರೆ ಬರೋ ಸದ್ದು. ಅಲ್ಲಿರೋದು ಮಣ್ಣುದಾರಿ.

ನಿಂತಳು. ಅದೂ ನಿಂತಿತು.

"ಏನ್ ಲೀಡರಮ್ಮ..." ಕಿವಿಯ ಪಕ್ಕದಲ್ಲೇ ಪಿಸುದನಿ. "ಸರ್ಕ್ಯುಲರ್ ಏನಾದ್ರೂ ಬಂತಾ?"

ಹಾಗೆ ಕರೀತಿದ್ದವಳು ಒಬ್ಬಳೇ, ನರ್ಸಿಂಗ್ ಸ್ಕೂಲಿನ ಗೆಳತಿ ತೇಜಸ್ವಿನಿ. ಅವಳು ಡೆಂಗ್ಯೂ ಬಂದು ಸತ್ತು ಐದು ತಿಂಗಳು.

ಆಗಿದ್ದು ಇಷ್ಟು. ಮೂರು ವರ್ಷದ ಕೋರ್ಸಿಗೆ ಸೇರಿಸಿಕೊಂಡಾಗ ಸ್ಕೂಲಿನವರು ಹೇಳಿದ್ದು ಒಂದು, ಕೊನೇ ವರ್ಷ ತಂದದ್ದು ಇನ್ನೊಂದು. ಫೈನಲ್‌ಗೆ ಮುಂಚೆ ಸ್ಕೂಲೇ ಒಂದು ಹೊಸ ಪ್ರಾಕ್ಟಿಕಲ್ ಪರೀಕ್ಷೆ ಇಡುತ್ತೆ, ಅದು ಪಾಸಾಗದಿದ್ದರೆ ಹಾಲ್ ಟಿಕೆಟ್ ಇಲ್ಲ ಅಂತ ಸರ್ಕ್ಯುಲರ್ ಬಂತು. ಓದಿದ್ದೀವಿ ಅಂತ ಎಲ್ಲರೂ ಹೆಸರಿನ ಮುಂದೆ ಸಹಿ ಹಾಕಬೇಕು. ತೇಜಸ್ವಿನಿ ಟೈಫಾಯ್ಡ್ ಅಂತ ಊರಿಗೆ ಹೋಗಿದ್ದಳು. ಬಾರದವರ ಸಹಿ ಕ್ಲಾಸ್ ಲೀಡರ್ ಹಾಕೋದು ಅಲ್ಲಿ ಮಾಮೂಲು. ಆಗ ಲೀಡರ್ ಮಿತ್ರಾನೇ, ಹಾಕಿದಳು. ಸಂಜೆ ಫೋನ್ ಮಾಡೋಣ ಅಂದುಕೊಂಡಳು. ಸಂಜೆ ವಾರ್ಡ್ ಡ್ಯೂಟಿ ಬಿತ್ತು... ಮರೆತಳು.

ತೇಜಸ್ವಿನಿ ವಾಪಸ್ ಬಂದದ್ದು ಪರೀಕ್ಷೆಯ ಮಾರನೇ ದಿನ. ಪ್ರಿನ್ಸಿಪಾಲ್ ಗಿರಿಜಾದೇವಿ ಹಾಳೆ ಮುಂದೆ ಹಿಡಿದು, ಸಹಿ ಇದೆಯಲ್ಲಮ್ಮ ಅಂದರು. ಇನ್ನು ಮುಂದಿನ ವರ್ಷವೇ. ಅವಳು ಸಹಿ ನೋಡಿದಳು. ಪಕ್ಕದಲ್ಲಿ ನಿಂತಿದ್ದ ಮಿತ್ರಾಳ ಮುಖ ನೋಡಿದಳು. ಒಂದು ಮಾತೂ ಆಡಲಿಲ್ಲ. ಮಿತ್ರಾನೂ ಆಡಲಿಲ್ಲ, ಆಡಿದ್ದರೆ ತನ್ನ ಹಾಲ್ ಟಿಕೆಟ್ಟೂ ಹೋಗ್ತಿತ್ತು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಅನ್ನುತ್ತಲೇ ಇವಳು ನರ್ಸಾದಳು, ಅವಳು ಮುಂದಿನ ವರ್ಷ ಕಾಯುತ್ತಲೇ ಹೋದಳು.

ಮರದ ಕೆಳಗೆ ಮಿತ್ರಾ ತಿರುಗಲಿಲ್ಲ. ಮುಂದೆ ನೋಡುತ್ತಲೇ ಹೇಳಿದಳು.

"ಸಹಿ ನಾನೇ ಹಾಕಿದ್ದು ಕಣೇ."

"ಗೊತ್ತು. ನಿನ್ನ ಅಕ್ಷರ ನಂಗೆ ಗೊತ್ತಿಲ್ವಾ..." ಕಿಚ್, ಒಂದು ಹೆಜ್ಜೆ ಹತ್ತಿರ. "ಪ್ರಾಕ್ಟಿಕಲ್ ಯಾವಾಗ, ಅದು ಹೇಳು."

ಈ ವರ್ಷದ್ದು ಅದೇ ವಾರ ಇತ್ತು. ವಾರ್ಡಿಗೆ ಬರೋ ಜೂನಿಯರ್ ಹುಡುಗೀರು ಹೇಳಿದ್ದರು.

"ಗುರುವಾರ... ಒಂಬತ್ತೂವರೆಗೆ."

ಹಿಂದೆ ಉಸಿರೆಳೆದುಕೊಂಡ ಸದ್ದು. ಆಮೇಲೆ ಬರೀ ಕೆರೆಯ ಕಪ್ಪೆಗಳು.

ಬೆಳಗಾಗುತ್ತಲೇ ಮಿತ್ರಾ ಸ್ಕೂಲಿಗೆ ಹೋಗಿ ಎಲ್ಲವನ್ನೂ ಬರೆದುಕೊಟ್ಟಳು. ಗಿರಿಜಾದೇವಿ ಓದಿ ಕನ್ನಡಕ ತೆಗೆದರು.

"ಅವಳು ಬದುಕಿದ್ದಾಗ ಬಾಯಿ ಬಿಟ್ಟಿದ್ರೆ ಆ ಹುಡುಗಿ ಪರೀಕ್ಷೆ ಬರೀತಿದ್ಲು. ಈಗ ನಾನು ಯಾರಿಗೆ ಹಾಲ್ ಟಿಕೆಟ್ ಕೊಡ್ಲಿ, ಹೇಳು?"

ಮಿತ್ರಾ ಬಸ್ಸು ಹತ್ತಿ ಡ್ಯೂಟಿಗೆ ಹೋದಳು.

ಗುರುವಾರ ಪ್ರಾಕ್ಟಿಕಲ್ ನಡೀತು. ಹುಡುಗೀರು ಕಲಿಯೋಕೆ ರೋಗಿ ಬದಲು ಪ್ಲಾಸ್ಟಿಕ್ ಬೊಂಬೆ ಮಲಗಿಸಿರ್ತಾರಲ್ಲ, ಆ ಕೋಣೆ. ಸಂಜೆ ಹಾಸಿಗೆಗಳ ಬಟ್ಟೆಯೆಲ್ಲ ಒಗೆಯೋಕೆ ಹೋಯ್ತು. ವಾಚ್‌ಮನ್ ತಿಮ್ಮರಾಯಪ್ಪ ಬೀಗ ಜಡಿದು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಮಲಗಿದ.

ಶುಕ್ರವಾರ ಅವನೇ ಬಾಗಿಲು ತೆಗೆದದ್ದು. ಕೊನೇ ಮಂಚಕ್ಕೆ ಬಿಳೀ ಬೆಡ್‌ಶೀಟ್, ನಾಲ್ಕು ಮೂಲೆಯೂ ಅಚ್ಚುಕಟ್ಟಾಗಿ ಮಡಿಚಿ ಸಿಕ್ಕಿಸಿತ್ತು. ಬೊಂಬೆಯ ಎದೆತನಕ ಹೊದಿಕೆ. ಕಂಕುಳಲ್ಲಿ ಥರ್ಮಾಮೀಟರು. ಯಾರೋ ಹುಡುಗಿ ಮರೆತು ಹೋಗಿರಬೇಕು ಅಂತ ಗಿರಿಜಾದೇವಿ ಅಂದರು, ಅವರ ದನಿ ಮಾತ್ರ ಸರಿಯಿರಲಿಲ್ಲ.

ನಂಬದಿದ್ದವರು ಹೋಗಿ ತಿಮ್ಮರಾಯಪ್ಪನನ್ನೇ ಕೇಳಿ. ಕುಡಿಯೋನಲ್ಲ, ಒಂದಕ್ಕೆರಡು ಸೇರಿಸೋ ಆಸಾಮಿಯೂ ಅಲ್ಲ. ಥರ್ಮಾಮೀಟರು ತೆಗೆಯೋಕೆ ಅವನು ಕೈ ಹಾಕಿದ. ಬೊಂಬೆಯ ಕಂಕುಳು ಬೆಚ್ಚಗಿತ್ತು.