ಕಣ್ಣು ಮುಚ್ಚಿದಾಗ ಅಕ್ಕ

ನನ್ನ ಹೆಸರನ್ನು ಆಗಲೇ ಬರೆದುಕೊಂಡಿದ್ದೀರಿ. ವಯಸ್ಸು ನಲವತ್ತಾರು. ಕೆಲಸ, ಬ್ಯೂಟಿ ಪಾರ್ಲರಿನಲ್ಲಿ ತಲೆ ತೊಳೆಯುವುದು. ವಾಸ, ಅದೇ ಕಟ್ಟಡದ ಮೇಲಿನ ಮಹಡಿಯ ಹಿಂದಿನ ಕೋಣೆ. ನನ್ನ ಮೇಲೆ ಬಂದಿರುವ ದೂರಿನ ಸಂಬಂಧ ಈ ಮೂಲಕ ತಿಳಿಸುವುದೇನೆಂದರೆ:

ನಮ್ಮಲ್ಲಿ ಗಿರಾಕಿಗಳು ಕುರ್ಚಿಗೊರಗಿ, ಕತ್ತನ್ನು ಬೇಸಿನ್ನಿನ ಅಂಚಿಗಿಟ್ಟು ಕಣ್ಣು ಮುಚ್ಚುತ್ತಾರೆ. ಉಗುರುಬೆಚ್ಚಗಿನ ನೀರು ಬೀಳುತ್ತಿದ್ದಂತೆ ಅವರಿಗೆ ಅರೆನಿದ್ದೆ. ಆಗ ಅವರು ಆಡುವುದು ಬಾಗಿಲಲ್ಲಿ ಆಡಿದ ಮಾತಲ್ಲ, ಅವರವರ ಮನೆಯೊಳಗಿನ ಮಾತು. ಅದಕ್ಕೆ ಬೇರೆ ಧಾಟಿಯಲ್ಲಿ ಉತ್ತರ ಕೊಟ್ಟರೆ ತಟ್ಟನೆ ಎಚ್ಚರವಾಗಿಬಿಡುತ್ತಾರೆ. ಆದ್ದರಿಂದ ನಾನು ಅವರ ಧಾಟಿಯಲ್ಲೇ ಹೂಂಗುಟ್ಟುತ್ತೇನೆ. ಬೇಕೆಂದು ಮಾಡುವುದಲ್ಲ. ನಾನು ಫೋನಿನಲ್ಲಿ ಮಾತಾಡುವುದನ್ನು ಕೇಳಿಯೇ ನನ್ನ ಗಂಡ ಆ ಕಡೆ ಯಾರಿದ್ದಾರೆಂದು ಹೇಳಿಬಿಡುತ್ತಾನೆ. ನನ್ನ ಹತ್ರ ಮಾತ್ರ ಯಾಕೆ ಯಾವಾಗ್ಲೂ ಜಗಳದ ಧಾಟಿ ಎಂದು ರೇಗಿಸುತ್ತಾನೆ. ಇದು ಅಪರಾಧವಾದರೆ ನನ್ನನ್ನು ಮಾತು ಕಲಿತ ದಿನವೇ ಹಿಡಿಯಬೇಕಿತ್ತು.

ದೂರು ಕೊಟ್ಟವರ ತಾಯಿ ಎರಡು ವರ್ಷದಿಂದ ನನ್ನ ಗಿರಾಕಿ. ಎಪ್ಪತ್ತು ದಾಟಿದವರು. ನಾನು ಅವರನ್ನು ಅಮ್ಮ ಎನ್ನುತ್ತೇನೆ. ಅವರು ಬೆಳೆದದ್ದು ಗುಡ್ಡದ ಮೇಲಿನ ಕೇರಿಯಲ್ಲಿ. ಅಲ್ಲಿ ಕಲ್ಲು ಕ್ವಾರಿ ಬಂದು ಜನ ದಿಕ್ಕಾಪಾಲಾದರು. ಆ ಜನ ಮಾತಿನ ಕೊನೆಯನ್ನು ಜೋಲಿ ತೂಗಿದಂತೆ ಎಳೆಯುತ್ತಾರೆ. ಪ್ರಶ್ನೆ ಕೇಳುವಾಗ ದನಿ ಏರಿಸುವುದಿಲ್ಲ, ಇಳಿಸುತ್ತಾರೆ. ಮಗಳು ಚಿಕ್ಕವಳಿದ್ದಾಗ ಶಾಲೆಯಲ್ಲಿ ಮಕ್ಕಳು ಈ ಎಳೆತಕ್ಕೆ ನಕ್ಕರಂತೆ. ಅಂದಿನಿಂದ ಮನೆಯಲ್ಲಿ ಪೇಟೆಯ ಮಾತೇ. ಅಮ್ಮ ತಮ್ಮ ಅಕ್ಕನ ಜೊತೆ ಮಾತ್ರ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಹಳೆಯ ಮಾತಾಡುತ್ತಿದ್ದರು. ಅಕ್ಕ ತೀರಿಕೊಂಡು ನಾಲ್ಕು ವರ್ಷವಾಯಿತು. ಇದೆಲ್ಲ ಅವರೇ ಕಣ್ಣು ಮುಚ್ಚಿಕೊಂಡು ನನಗೆ ಹೇಳಿದ್ದು.

ನಾನು ಆ ಕೇರಿಯನ್ನು ಕಂಡವಳಲ್ಲ. ನನ್ನ ಬಾಯಿಗೆ ಹತ್ತಿದ ಅಷ್ಟೂ ಎಳೆತ ಅಮ್ಮನದೇ. ಅವರದನ್ನು ಅವರಿಗೇ ತಿರುಗಿಸಿ ಕೊಡುತ್ತಿದ್ದೆ. ಒಂದು ದಿನ ನನ್ನನ್ನು ಅಕ್ಕಾ ಎಂದರು. ಅದಕ್ಕೂ ಹೂಂಗುಟ್ಟಿದೆ. ಏಳುವಾಗ ನಕ್ಕು, ನೀನು ಅಕ್ಕ ಅಲ್ಲ ಅಂತ ಗೊತ್ತು ಕಣೇ, ಕಣ್ಣು ಮುಚ್ಚಿದಾಗ ಮಾತ್ರ ಆಗ್ತೀಯ ಎಂದರು. ಆಮೇಲೆ ವಾರಕ್ಕೆರಡು ಸಲ ಬರತೊಡಗಿದರು. ತಲೆಯಲ್ಲಿ ಒಂದು ಹಿಡಿ ಕೂದಲಿಲ್ಲ, ತೊಳೆಯುವುದಕ್ಕೆ ಏನಿದೆ? ಆದರೂ ನಿಧಾನವಾಗಿ ತೊಳೆಯುತ್ತಿದ್ದೆ. ರಸ್ತೆಯ ಸದ್ದು ಎಲ್ಲೋ ದೂರ ಹೋಗುತ್ತಿತ್ತು. ಕನ್ನಡಿಯ ಮೇಲೆ ಹಬೆ ಕೂರುತ್ತಿತ್ತು. ನಾವಿಬ್ಬರೂ ಆ ಕೇರಿಯ ಮೆಟ್ಟಿಲ ಮೇಲೆ ಕೂತು, ಯಾರದೋ ಮನೆಯ ಮಾಡಿನ ಮೇಲೆ ಹತ್ತಿ ಇಳಿಯಲಾರದ ಕೋಳಿಯನ್ನು ನೋಡಿ ನಗುತ್ತಿದ್ದೆವು. ಆ ಕೋಳಿ ಸತ್ತು ಅರವತ್ತು ವರ್ಷವಾಗಿರಬೇಕು. ಅದರ ಬಣ್ಣ ಕೇಳಿ, ಹೇಳುತ್ತೇನೆ.

ಇಂದು ಬೆಳಿಗ್ಗೆ ಹತ್ತೂವರೆಗೆ ಅಮ್ಮ ಬಟ್ಟೆಯ ಚೀಲ ಹಿಡಿದು ಬಂದರು. ಇನ್ನು ಅಕ್ಕನ ಜೊತೆಯೇ ಇರ್ತೀನಿ ಅಂತ ಮಗಳಿಗೆ ಹೇಳಿ ಬಂದೆ ಎಂದರು. ಅಮ್ಮಾ, ಸುಮ್ನೆ ಮನೆಗೆ ಹೋಗಿ ಎಂದು ನನ್ನ ಧಾಟಿಯಲ್ಲೇ ಹೇಳಬೇಕಿತ್ತು. ಬಾಯಿ ತೆರೆದರೆ ಅವರ ಧಾಟಿಯೇ ಬಂತು. ಬಾ, ಕೂತ್ಕೋ ಎಂದುಬಿಟ್ಟೆ.

ಸ್ವಲ್ಪ ಹೊತ್ತಿಗೆ ಮಗಳು ಪೊಲೀಸರೊಂದಿಗೆ ಬಂದರು. ಅವರು ಬ್ಯಾಂಕಿನ ಮ್ಯಾನೇಜರು, ಅಳೆದು ತೂಗಿ ಮಾತಾಡುವವರು. ನಾನು ಸತ್ತ ದೊಡ್ಡಮ್ಮನ ದನಿ ತೆಗೆದು ತಾಯಿಯನ್ನು ಮರುಳು ಮಾಡಿ ಮನೆ ಬಿಡಿಸಿದೆನೆಂದು ಹೇಳಿದರು. ಎಲ್ಲರೂ ಠಾಣೆಗೆ ಬಂದೆವು. ಅಮ್ಮ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತರು. ಮಗಳ ಜೊತೆ ಹೋಗುತ್ತೀರಾ ಎಂದು ಸಾಹೇಬರು ಕೇಳಿದಾಗ, ಪೇಟೆಯ ಮಾತಿನಲ್ಲಿ, ಮನೆಯಲ್ಲಿ ನನ್ನ ಜೊತೆ ಮಾತಾಡುವವರು ಯಾರೂ ಇಲ್ಲ ಎಂದರು.

ಮಗಳು ಏನೋ ಹೇಳಹೊರಟು ತಡವರಿಸಿದರು. ಆಮೇಲೆ, ಹಾಗಾದ್ರೆ ನಾನು ನಿನಗೆ ಯಾರೂ ಅಲ್ವಾ ಅವ್ವಾ ಎಂದರು. ಅಲ್ಲಿಯವರೆಗೆ ಅಮ್ಮ ಎನ್ನುತ್ತಿದ್ದವರು ಈಗ ಅವ್ವಾ ಎಂದಿದ್ದರು. ಕೊನೆ ಎಳೆದಿತ್ತು, ಪ್ರಶ್ನೆ ಕೆಳಗಿಳಿದಿತ್ತು. ತಮ್ಮ ಬಾಯಿಂದ ಬಂದದ್ದಕ್ಕೆ ತಾವೇ ಬೆಚ್ಚಿ ಕೈಯಿಂದ ಬಾಯಿ ಮುಚ್ಚಿಕೊಂಡರು.

ಅಮ್ಮ ಕಣ್ಣು ಬಿಟ್ಟರು. ನನ್ನ ಬಾಯಲ್ಲಿ ಆ ಮಾತು ಕೇಳುವುದಕ್ಕೆ ಅವರು ಕಣ್ಣು ಮುಚ್ಚಬೇಕಿತ್ತು. ಮಗಳು ಆಡಿದಾಗ ಕಣ್ಣು ಬಿಟ್ಟರು. ಅತ್ತ ತಿರುಗಿ, ಇನ್ನೊಂದ್ಸಲ ಹೇಳೇ ಎಂದರು.

ತಾಯಿ ಮಗಳು ಹನ್ನೆರಡು ಗಂಟೆಗೆ ಹೊರಟರು. ಚೀಲವನ್ನು ಮಗಳು ಹಿಡಿದಿದ್ದರು. ಅಮ್ಮ ನನ್ನ ಕಡೆ ನೋಡಲಿಲ್ಲ. ದೂರು ವಾಪಸಾಯಿತು, ನೀವೂ ಹೋಗಬಹುದು ಎಂದು ಸಾಹೇಬರು ಹೇಳಿದರು. ಹೇಳಿಕೆ ಕೊಟ್ಟೇ ಹೋಗುತ್ತೇನೆಂದು ನಾನೇ ಕೂತೆ. ಸಂತೋಷವಾಯಿತೆಂದು ಬೇಕಾದರೆ ಬರೆದುಕೊಳ್ಳಿ. ಆದರೆ ಮೊದಲು ಹೊಟ್ಟೆ ಉರಿಯಿತು, ಅದನ್ನೂ ಬರೆಯಿರಿ. ಆ ಧಾಟಿ ನನ್ನ ನಾಲಗೆಯ ಮೇಲೆ ಹಾಗೇ ಇದೆ. ಆಡೋಣವೆಂದರೆ ಇನ್ನು ನನಗೆ ಯಾರೂ ಇಲ್ಲ.

ಬರೆದದ್ದನ್ನು ನನಗೆ ಓದಿ ಹೇಳಿದಿರಿ. ನಾನು ಹೀಗೆ ಪುಸ್ತಕದ ಧಾಟಿಯಲ್ಲಿ ಮಾತಾಡುವವಳಲ್ಲ. ಆದರೆ ನಾನು ಹೇಳಿದ್ದು ಇದೇ, ನಡೆದದ್ದೂ ಇದೇ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಹದಿನಾಲ್ಕನೇ ತಾರೀಕು, ಗುರುವಾರ
ಸಹಿ: ಹೇಳಿಕೆ ಕೊಟ್ಟವಳು