ಮುತ್ತಿಗೆಯ ಚಿತ್ರ ಕರಗಿಹೋದದ್ದು

ಪರದೇಶದ ಒಂದೂರು. ಅಲ್ಲಿ ಇಬ್ಬರು ಚಿತ್ರಗಾರರು, ಒಬ್ಬ ಹಿರಿಯ, ಒಬ್ಬ ಕಿರಿಯ. ಹೆಸರು ಹೇಳೋದಿಲ್ಲ. ಹೇಳಿದರೆ ‘ಯಾರದೋ ಕಥೆ’ ಅಂತ ನೀವು ಹಾಯಾಗಿ ಕೂತುಬಿಡ್ತೀರಿ.

ಇವರದು ತಾಮ್ರದ ತಗಡಿನ ಕೆಲಸ. ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀರಿ, ಆಸಿಡ್‌ನಲ್ಲಿ ಅದ್ದೋದು. ಗೀರಿದ ಕಡೆ ಆಸಿಡ್ ತಾಮ್ರ ತಿನ್ನುತ್ತೆ. ಅಲ್ಲಿ ಮಸಿ ತುಂಬಿ ಕಾಗದ ಒತ್ತಿದರೆ ಚಿತ್ರ.

ಅಲ್ಲಿನ ದೊರೆ ನಲವತ್ತು ದಿನ ಮುತ್ತಿಗೆ ಹಾಕಿ ಒಂದು ಕೋಟೆ ಗೆದ್ದ. ‘ಅದರ ಚಿತ್ರ ಮಾಡಿ’ ಅಂದ. ಹಿರಿಯ ಮನೆಯಲ್ಲೇ ಕೂತು ದೊರೆಯ ಕುದುರೆ ಗೀರಿದ. ಕಿರಿಯ ನಲವತ್ತು ದಿನವೂ ಕಂದಕದಲ್ಲಿ ಕೂತು, ತಗಡಿನ ಮೇಲೇ ನೇರವಾಗಿ ಸಿಪಾಯಿಗಳನ್ನ ಗೀರಿದ್ದ. ಇರುವೆಯಷ್ಟು ಆಳು, ಆದರೂ ಒಬ್ಬೊಬ್ಬನಿಗೂ ಅವನದೇ ಮುಖ! ಇನ್ನೂ ಆಸಿಡ್‌ಗೆ ಇಳಿಸದ ಆ ತಗಡನ್ನೇ ದೊರೆ ನೋಡಿ, ‘ಇದೇ ಇರಲಿ’ ಅಂದುಬಿಟ್ಟ.

ಹಿರಿಯ ಬಾಯಲ್ಲಿ ‘ಭೇಷ್’ ಅಂದ. ಹೊಟ್ಟೆಯಲ್ಲಿ? ‘ಸೂಜಿ ಹಿಡಿಯೋದು ಕಲಿಸಿದವನು ನಾನು. ಇವನಿಗೆ ಮರ್ಯಾದೆಯೇ?’ ಊಟ ಸೇರಲಿಲ್ಲ. ಕಿರಿಯ ನಕ್ಕರೆ, ತನ್ನನ್ನೇ ನೋಡಿ ನಕ್ಕ ಅನ್ನಿಸೋದು.

ಒಂದು ಮಧ್ಯಾಹ್ನ ಕಿರಿಯ ತಗಡನ್ನ ಆಸಿಡ್‌ಗೆ ಇಳಿಸಿದ್ದ. ಹೆಂಡತಿಗೆ ಹೆರಿಗೆ ನೋವು ಅಂತ ಕರೆ ಬಂತು.

‘ಅಣ್ಣಾ, ಇನ್ನೂರು ಎಣಿಸಿ ತೆಗೆದುಬಿಡು.’

‘ನೀನು ಹೋಗಪ್ಪಾ, ನಾನಿದೀನಲ್ಲ.’

ಹಿರಿಯ ಎಣಿಸಿದ. ಇನ್ನೂರಾಯ್ತು. ಎದ್ದನಾ? ಏಳಲಿಲ್ಲ. ಮುನ್ನೂರು, ಐನೂರು... ಕೈಕಟ್ಟಿ ಕೂತೇ ಇದ್ದ. ನೋಡಿ, ಅವನು ಏನೂ ಮಾಡಲಿಲ್ಲ. ಏನೂ ಮಾಡಲಿಲ್ಲ!

ಆಸಿಡ್ ಅತಿಯಾಗಿ ತಿಂದು, ಮುಖಗಳೆಲ್ಲ ಕರಗಿ ತಗಡು ಹಳ್ಳಬಿತ್ತು. ಕಿರಿಯ ಬಂದಾಗ ‘ಎಣಿಕೆ ತಪ್ಪಿಹೋಯ್ತಪ್ಪಾ’ ಅಂದ.

ಮಾರನೇ ದಿನ ಒಬ್ಬ ಮುದುಕಿ ಬಂದಳು. ‘ನನ್ನ ಮಗ ಕೋಟೆಗೋಡೆ ಕೆಳಗೆ ಸುರಂಗ ತೋಡ್ತಾ ಸತ್ತ. ಅವನ ಮುಖ ನಿಮ್ಮ ಚಿತ್ರದಲ್ಲಿದೆಯಂತೆ. ಒಂದ್ಸಲ ತೋರಿಸ್ತೀರಾ?’

ಹಿರಿಯ ತನ್ನ ಚಿತ್ರ ಚಾಚಿದ. ಮುದುಕಿ ಬೆರಳಿಟ್ಟು ಹುಡುಕಿದಳು. ‘ಇಲ್ಲಿ ಕುದುರೆ ಇದೆಯಪ್ಪಾ. ನನ್ನ ಮಗ ಎಲ್ಲಿ?’

ಕಿರಿಯ ಕಾಗದದ ಮೇಲೆ ನೆನಪಿನಿಂದ ಬರೆದು ನೋಡಿದ, ಮೂರು ಸಲ. ಮೂರು ಸಲವೂ ‘ಇವನಲ್ಲ’ ಅಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಟುಹೋದಳು.

ಹಿರಿಯ ಕಿರಿಯನ ಕಡೆ ತಿರುಗಿ, ‘ಬೇಕಂತಲೇ ಬಿಟ್ಟೆ ಕಣೋ’ ಅಂದ.

‘ನನ್ನ ಮೇಲಿನ ಸಿಟ್ಟಿಗೆ ಆ ತಾಯಿ ಏನು ಮಾಡಿದ್ದಳಣ್ಣಾ?’

ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದೆಯಾ?

ತಾಯಂದಿರೇ, ಓರಗಿತ್ತಿಯ ಹಾಲು ಒಲೆ ಮೇಲೆ ಉಕ್ಕುತ್ತಿದ್ದಾಗ ನೋಡಿಯೂ ನೋಡದ ಹಾಗೆ ಹೋಗಿಲ್ಲವಾ? ಯಜಮಾನರೇ, ಜೊತೆಯವನ ಕೆಲಸದ ಅರ್ಜಿಗೆ ನಾಳೆಯೇ ಕೊನೇ ದಿನ ಅಂತ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿಲ್ಲವಾ? ‘ನಾನೇನು ಮಾಡಿದೆ’ ಅನ್ನಬೇಡಿ. ಆ ಹಾಲು ಯಾವ ಮಗುವಿನದೋ, ಆ ಸಂಬಳಕ್ಕೆ ಯಾರು ಕಾದಿದ್ದರೋ. ಹೊಟ್ಟೆ ಉರಿದರೆ ಉರಿಯಲಿ. ನೀವು ಎದ್ದುಹೋಗಿ ಒಲೆ ಆರಿಸಿ. ಇವತ್ತೇ ಅವನ ಮನೆ ಬಾಗಿಲು ತಟ್ಟಿ, ‘ನಾಳೆ ಕೊನೇ ದಿನ ಕಣಯ್ಯಾ’ ಅಂತ ಹೇಳಿ ಬನ್ನಿ.