ಮೇಸ್ತ್ರಿ ಒಪ್ಪಿಕೊಂಡ ಮೇಲೆ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಡಿಪೋ ಮ್ಯಾನೇಜರ್ ಸಾಹೇಬರೇ, ಮೊದಲ ಸಾಲಿನಲ್ಲಿ ಕುಳಿತಿರುವ ಇಂದಿನ ಸನ್ಮಾನಿತರಾದ ಬ್ರೇಕ್ ಮೇಸ್ತ್ರಿಗಳೇ, ಅವರ ಪಕ್ಕದಲ್ಲಿರುವ ಅತ್ತಿಗೆಯವರೇ, ಅಡುಗೆಯ ಘಮ ಬರುತ್ತಿದ್ದರೂ ಎದ್ದು ಹೋಗದ ಸಹೃದಯ ಸಭಿಕರೇ,

ನಿವೃತ್ತರಾಗುತ್ತಿರುವ ಮೇಸ್ತ್ರಿಗಳ ಕೆಲಸದ ಬಗ್ಗೆ ಮಾತನಾಡಬೇಕೆಂದು ನನಗೆ ಸೂಚನೆಯಿದೆ. ಏನು ಹೇಳಲಿ? ನಮ್ಮ ಬಸ್ಸುಗಳು ನಿಲ್ಲಬೇಕಾದ ಕಡೆ ನಿಂತಿವೆ, ಅಷ್ಟು ಸಾಕು. ಈ ಡಿಪೋದ ಎಲೆಕ್ಟ್ರಿಷಿಯನ್ ಆದ ನಾನು ಬಲ್ಲ ಮೇಸ್ತ್ರಿಯೇ ಬೇರೆ. ಏಕದಿನ ಕ್ರಿಕೆಟ್ಟಿನ ಸಾರ್ವಕಾಲಿಕ ಶ್ರೇಷ್ಠ ಬ್ಯಾಟ್ಸ್‌ಮನ್ ಯಾರು? ಈ ಒಂದು ಪ್ರಶ್ನೆಗಾಗಿ ಅವರು ನನ್ನ ತಲೆ ತಿಂದರು, ನಾನು ಅವರ ತಲೆ ತಿಂದೆ.

ಹೆಸರು ಹೇಳುವುದಿಲ್ಲ. ಹೇಳಿದರೆ ಈ ಸಭೆ ಎರಡು ಹೋಳಾಗಿ, ಯಾವ ಹೋಳಿನ ಅಧ್ಯಕ್ಷತೆ ವಹಿಸಬೇಕೆಂದು ತಿಳಿಯದೆ ಅಧ್ಯಕ್ಷರು ಒದ್ದಾಡುತ್ತಾರೆ. ಮೇಸ್ತ್ರಿಯ ಆಟಗಾರ ಎಡಗೈಯವನು, ಹೊಸ ಚೆಂಡನ್ನು ಎದುರಿಸಿ ನೂರು ಹೊಡೆಯುವವನು. ನನ್ನವನು ಐದನೆಯವನಾಗಿ ಬಂದು, ಸೋಲುವ ಪಂದ್ಯ ಗೆಲ್ಲಿಸಿ, ಔಟಾಗದೆ ಹೋಗುವವನು. ಮೇಸ್ತ್ರಿ ಬಸ್ಸಿನ ಕೆಳಗಿನ ಗುಂಡಿಯಲ್ಲಿ. ನಾನು ಮೇಲೆ, ಡ್ರೈವರ್ ಸೀಟಿನ ಬಳಿ ವೈರುಗಳ ನಡುವೆ. ಕೆಳಗಿನಿಂದ ಕೂಗು ಬರುತ್ತಿತ್ತು: "ಗೋಡೆ ಕಟ್ಟೋನು ನನ್ನೋನು ಕಣಯ್ಯಾ! ನಿನ್ನೋನು ಬಣ್ಣ ಬಳಿಯೋಕೆ ಬರ್ತಾನೆ!" ನಾನು ಸುಮ್ಮನಿರುತ್ತಿದ್ದೆನೇ? "ಗೋಡೆ ಬೀಳೋವಾಗ ಬೆನ್ನು ಕೊಟ್ಟು ನಿಲ್ಲಿಸಿದೋನು ಯಾರು ಮೇಸ್ತ್ರೀ?" ಹಿಂದಿನ ಮ್ಯಾನೇಜರು ಬೇಸತ್ತು ನಮ್ಮನ್ನು ಬೇರೆ ಬೇರೆ ಪಾಳಿಗೆ ಹಾಕಿದರು. ಪಾಳಿ ಬದಲಾಗುವಾಗ ಗೇಟಿಗೆ ಅಡ್ಡ ನಿಂತು ಜಗಳವಾಡಿದೆವು, ಬಸ್ಸುಗಳು ಹೊರಡಲಾಗಲಿಲ್ಲ. ಮತ್ತೆ ಒಂದೇ ಪಾಳಿಗೆ ತಂದರು.

ನನ್ನ ಹೆಂಡತಿ ತೀರಿಕೊಂಡಾಗ, ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ, ಬಂದವರೆಲ್ಲ ಮೆಲ್ಲಗೆ ಮಾತನಾಡಿ ಸಮಾಧಾನ ಹೇಳಿದರು. ನಾನು ಗೋಡೆಗೊರಗಿ ಕೂತೇ ಇದ್ದೆ. ಮೇಸ್ತ್ರಿ ಬಾಗಿಲಲ್ಲಿ ನಿಂತೇ, "ನಿನ್ನೋನು ನಿನ್ನೆ ಸೊನ್ನೆಗೆ ಔಟಾದ, ಗೊತ್ತಾಯ್ತಾ?" ಎಂದರು. ಎಂಥ ಮನುಷ್ಯನಪ್ಪಾ ಇವನು ಎಂದು ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ಕೂತು ಜಗಳಕ್ಕಿಳಿದೆ. ಕೂಗಾಡಿ ಮುಗಿಸುವಾಗ ನೋಡುತ್ತೇನೆ, ಅತ್ತಿಗೆ ನನ್ನ ಮುಂದಿಟ್ಟಿದ್ದ ತಟ್ಟೆ ಖಾಲಿಯಾಗಿದೆ. ಅವಳಿಲ್ಲದ ಮನೆಯಲ್ಲಿ ನಾನು ಮತ್ತೆ ಉಂಡಿದ್ದು ಹಾಗೆ. ಕ್ಷಮಿಸಿ, ಒಂದು ಗುಟುಕು ನೀರು ಕುಡಿಯುತ್ತೇನೆ.

ಈಗ ಮೇಸ್ತ್ರಿಗೆ ಲಕ್ವ ಹೊಡೆದಿರುವುದು ನಿಮಗೆಲ್ಲ ಗೊತ್ತು. ಕೋಲು ಹಿಡಿದು ನಡೆಯುತ್ತಾರೆ, ಆದರೆ ಮಾತು ತೊದಲುತ್ತದೆ. ಆಡಿದಷ್ಟೂ ಮಾತು ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಇವರು ಬಾಯಿಯೇ ತೆರೆಯುವುದಿಲ್ಲ. ತೊದಲುವುದಕ್ಕೆ ನಾಚಿಕೆ! ವಾರವಾರವೂ ಹೋಗಿ, ನನ್ನವನೇ ಶ್ರೇಷ್ಠ ಎನ್ನುತ್ತೇನೆ. ಮೇಸ್ತ್ರಿ ಹೌದೆಂದು ತಲೆಯಾಡಿಸುತ್ತಾರೆ. ಒಪ್ಪಿಕೊಳ್ಳುತ್ತಾರೆ, ಸ್ವಾಮೀ! ಇದಕ್ಕಿಂತ ದೊಡ್ಡ ಸಂಕಟವಿದೆಯೇ? ಗೆದ್ದು ಮನೆಗೆ ಬಂದು ಅತ್ತಿದ್ದೇನೆ.

ಆದ್ದರಿಂದ ಇಂದು ಎಲ್ಲರ ಮುಂದೆ ಇದನ್ನು ಇತ್ಯರ್ಥ ಮಾಡಿಬಿಡುತ್ತೇನೆ. ನನ್ನವನೇ ಶ್ರೇಷ್ಠ. ಮೇಸ್ತ್ರಿಯವನು ತಂಡಕ್ಕಾಗಿ ಆಡಿದವನೇ ಅಲ್ಲ, ತನ್ನ ಸರಾಸರಿಗಾಗಿ ಆಡಿದ ಸ್ವಾರ್ಥಿ. ಫೈನಲ್ ಎಂದರೆ ಕೈಕಾಲು ನಡುಗುವ ಪುಕ್ಕಲ. ಮೇಸ್ತ್ರಿಗಳು ಇದನ್ನೆಲ್ಲ ಒಪ್ಪಿದ್ದಾರೆ. ಯಾರದಾದರೂ ಆಕ್ಷೇಪವಿದೆಯೇ?

ಇಲ್ಲವೇ? ಹಾಗಾದರೆ ಅಧ್ಯಕ್ಷರ ಅಪ್ಪಣೆ ಪಡೆದು...

ಅತ್ತಿಗೇ, ಅವರನ್ನ ಹಿಡಿದು ಕೂರಿಸಬೇಡಿ. ಏಳಲಿ ಬಿಡಿ. ಏನಂದ್ರಿ ಮೇಸ್ತ್ರೀ? ಸುಳ್ಳು ಅಂದ್ರಾ? ಹಿಂದಿನ ಸಾಲಿನವರಿಗೆ ಕೇಳಿಸಲಿಲ್ಲ, ಇನ್ನೊಂದ್ಸಲ ಹೇಳಿ. ದಯವಿಟ್ಟು ಚಪ್ಪಾಳೆ ಬೇಡ, ಅವರ ಮಾತು ಮುಳುಗಿಹೋಗುತ್ತೆ.

ಅಧ್ಯಕ್ಷರೇ, ನನಗೆ ಕೊಟ್ಟ ಸಮಯದಲ್ಲಿ ಉಳಿದದ್ದೆಲ್ಲ ಮೇಸ್ತ್ರಿಗೆ ಹೋಗಲಿ. ಅವರು ನನ್ನನ್ನು ಬೈಯುತ್ತಾರೆ. ನಿಧಾನವಾಗಿ ಬೈಯುತ್ತಾರೆ, ಒಂದೊಂದು ಮಾತಿಗೂ ಕಾಯಬೇಕಾಗುತ್ತದೆ. ಕಾಯುವ ನಿಮಗೆಲ್ಲ ಮುಂಚಿತವಾಗಿಯೇ ನನ್ನ ಕೃತಜ್ಞತೆ. ನಾನು ಕೆಳಗಿಳಿದು ಅವರಿಗೆ ಮೈಕು ಹಿಡಿಯುತ್ತೇನೆ. ನಮಸ್ಕಾರ.